ಮನಸ್ಸನ್ನು ಕೇಳದೆ ಎದ್ದ ವರ್ಷ

ಮೊನ್ನೆ ರಾಯದುರ್ಗದಲ್ಲಿ ಒಂದು ಗಟ್ಟಿ ಮಳೆ ಬಂದು ನಿಂತಿತ್ತು. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಚರಂಡಿ ಉಕ್ಕಿ ಹರಿದಿದ್ದಕ್ಕೆ ಯಾರೋ ಉದ್ದಕ್ಕೂ ಬ್ಲೀಚಿಂಗ್ ಪೌಡರ್ ಚೆಲ್ಲಿಕೊಂಡು ಹೋಗಿದ್ದರು. ಜನ ಸೆರಗು, ಟವೆಲ್ಲು ಮೂಗಿಗೆ ಒತ್ತಿಕೊಂಡು ದಾಟುತ್ತಿದ್ದರು. ನಾನು ಮಾತ್ರ ಕೈಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಕೆಲವರಿಗೆ ಮಲ್ಲಿಗೆಯ ವಾಸನೆಗೆ ಹಳೆಯದೆಲ್ಲ ನೆನಪಾಗುತ್ತದಂತೆ. ನನಗೆ ಬ್ಲೀಚಿಂಗ್ ಪೌಡರಿಗೆ ಆಗುತ್ತದೆ.

ನೇಮಕಲ್ಲಿನ ಹತ್ತಿರ ಗುತ್ತಿಗೆಗೆ ಹಿಡಿದ ಹೊಲದಲ್ಲಿ ಈಗ ನಾನು ಹಿಪ್ಪುನೇರಳೆ ಬೆಳೆಯುತ್ತೇನೆ. ಅದರ ಮಗ್ಗುಲಿಗೆ ರೇಷ್ಮೆಹುಳು ಸಾಕುವ ಮನೆಯೊಂದನ್ನು ಕಟ್ಟಿಕೊಂಡಿದ್ದೇನೆ. ನಾವು ಅದನ್ನು ಹುಳುಮನೆ ಅನ್ನುತ್ತೇವೆ. ಆದರೆ ಆ ವಾಸನೆ ನನ್ನನ್ನು ಕರೆದೊಯ್ಯುವುದು ನನ್ನ ಹುಳುಮನೆಗಲ್ಲ. ಮಡಕಶಿರದಿಂದ ರತ್ನಗಿರಿಯ ಕಡೆ ಹೋಗುವಾಗ ಒಳಗೆ ತಿರುಗಿದರೆ ಸಿಗುವ ದೊಡ್ಡಮ್ಮನ ಊರಿಗೆ, ಗಂಡನ ಮನೆ ಬಿಟ್ಟು ನಾನು ಅಲ್ಲಿ ಕಳೆದ ಒಂದು ವರ್ಷಕ್ಕೆ.

ಗಂಡನ ಹೆಸರು ಗಿರೀಶ. ಕೆಟ್ಟವನಲ್ಲ. ಕುಡಿಯುತ್ತಿರಲಿಲ್ಲ, ಕೈ ಮಾಡುತ್ತಿರಲಿಲ್ಲ, ನಕ್ಕರೆ ಎದುರಿಗಿದ್ದವರೂ ನಗಬೇಕು. ಅವನಿಗಿದ್ದದ್ದು ಹುರುಪಿನ ಹುಚ್ಚು. ಬೆಳಿಗ್ಗೆ ಹಾಸಿಗೆಯಲ್ಲೇ ಫೋನು ಹಚ್ಚುತ್ತಿದ್ದ. ಅದರೊಳಗೆ ಒಬ್ಬರು ಗಂಟಲು ಹರಿಯುವಂತೆ, ನಿನ್ನೊಳಗಿನ ಸಿಂಹವನ್ನು ಎಬ್ಬಿಸು ಎಂದು ಕೂಗುತ್ತಿದ್ದರು. ಬೀದಿಯೆಲ್ಲ ಎದ್ದು ಕೂರುತ್ತಿತ್ತು. ಗಿರೀಶ ಅದನ್ನು ಪೂರ್ತಿ ಕೇಳಿ ಮತ್ತೆ ಮಗ್ಗುಲಾಗುತ್ತಿದ್ದ. ಮೊದಲು ಮೊಬೈಲ್ ಕವರಿನ ಅಂಗಡಿ ಇಟ್ಟ, ಆಮೇಲೆ ನೀರಿನ ಕ್ಯಾನು ಹಾಕಿದ, ಆಮೇಲೆ ಕೋಳಿಮೊಟ್ಟೆ. ಪ್ರತಿಯೊಂದಕ್ಕೂ ತೆಂಗಿನಕಾಯಿ ಒಡೆದು, ಬ್ಯಾನರು ಕಟ್ಟಿ, ಪೇಟೆಗೆಲ್ಲ ಪೇಡೆ ಹಂಚುತ್ತಿದ್ದ. ಶುರುವಾದ ದಿನ ಅವನಷ್ಟು ದುಡಿಯುವವರು ಊರಲ್ಲೇ ಇರಲಿಲ್ಲ. ವಾರ ಕಳೆಯುವಷ್ಟರಲ್ಲಿ, "ಮನಸ್ಸಿಗೆ ಯಾಕೋ ಬರವಲ್ದು" ಎಂದು ಬಾಗಿಲು ಎಳೆದುಕೊಂಡು ಬರುತ್ತಿದ್ದ.

ನಾನು ಮನೆಯಲ್ಲೇ ಪವರ್ ಮಷಿನ್ ಇಟ್ಟುಕೊಂಡು ಜೀನ್ಸ್ ಪ್ಯಾಂಟಿನ ಜೇಬು ಹೊಲಿಯುತ್ತಿದ್ದೆ. ರಾಯದುರ್ಗದಲ್ಲಿ ಎಷ್ಟೋ ಹೆಂಗಸರು ಮಾಡುವ ಕೆಲಸ ಅದು. ಗಿರೀಶ ಬಾಗಿಲಲ್ಲಿ ನಿಂತು, "ನಿನಗ ಜೋಶ್ ಇಲ್ಲ ಸುಮಿತ್ರಾ, ಬರೇ ಜೇಬು ಹೊಲ್ಕೊಂತ ಕುಂದರತಿ" ಅನ್ನುತ್ತಿದ್ದ. ನಾನೂ ಅದನ್ನು ನಂಬಿದ್ದೆ. ಜಗತ್ತಿನಲ್ಲಿ ಉರಿಯುವ ಜನ, ಉರಿಯದ ಜನ ಎಂದು ಎರಡು ಥರ, ನಾನು ಎರಡನೆಯ ಥರ ಎಂದುಕೊಂಡಿದ್ದೆ.

ಒಂದು ಸಲ ಅವ್ವನಿಗೆ ಹುಷಾರಿಲ್ಲವೆಂದು ತವರಿಗೆ ಹೋಗಿ ಬಂದೆ. ಮಷಿನ್ನಿದ್ದ ಜಾಗ ಖಾಲಿ. ಅದರ ಕಾಲೂರಿದ್ದ ಕಡೆ ಮಾತ್ರ ನೆಲ ಧೂಳಿಲ್ಲದೆ ಹೊಳೆಯುತ್ತಿತ್ತು.

"ಮಾರಿದೆ. ಒಂದು ದೊಡ್ಡ ಕೆಲಸಕ್ಕ ಬೇಕಾಗಿತ್ತು. ಅದರಾಗ ಏನೈತಿ ಅಂತ ಹಂಗ ನೋಡ್ತಿ? ದೊಡ್ಡದಾಗಿ ವಿಚಾರ ಮಾಡು" ಅಂದ.

ನಾನು ಜಗಳವಾಡಲಿಲ್ಲ. ತವರಿಂದ ತಂದ ಚೀಲವನ್ನು ಇನ್ನೂ ಕೆಳಗಿಟ್ಟಿರಲಿಲ್ಲ. ಅದನ್ನು ಹಾಗೇ ಹಿಡಿದುಕೊಂಡು ತಿರುಗಿ ತವರಿಗೇ ನಡೆದೆ.

ಅವ್ವ ಹೆದರಿದಳು. ಅಣ್ಣ ಅತ್ತಿಗೆಯರ ಮನೆಯಲ್ಲಿ ಅವಳದೂ ನಡೆಯುತ್ತಿರಲಿಲ್ಲ. "ನಾಕ ದಿನ ಮಡಕಶಿರದಾಗ ದೊಡ್ಡಮ್ಮನ ಹತ್ರ ಇದ್ದು ಬಾ. ಸಿಟ್ಟು ಇಳೀತೈತಿ" ಎಂದು ಬಸ್ಸು ಹತ್ತಿಸಿದಳು. ಕಲ್ಯಾಣದುರ್ಗ, ಪಾವಗಡ ದಾಟಿ ಮಡಕಶಿರದಲ್ಲಿ ಇಳಿದಾಗ ಶ್ರಾವಣದ ತುಂತುರು. ಕೋಟೆಯ ಬೆಟ್ಟ ಅರ್ಧಕ್ಕರ್ಧ ಮೋಡದೊಳಗಿತ್ತು. ನಾಗಮ್ಮ ದೊಡ್ಡಮ್ಮ ಅವ್ವನ ಅಕ್ಕ. ಚಿಕ್ಕಂದಿನಲ್ಲೇ ಮದುವೆಯಾಗಿ ಬಂದವಳು, ರಾಯದುರ್ಗದ ಮಾತು ಅವಳ ಬಾಯಿಂದ ಪೂರ್ತಿ ಹೋಗಿ ಇಲ್ಲಿಯದೇ ಆಗಿಬಿಟ್ಟಿತ್ತು. ಸುಣ್ಣದ ಚೀಲದ ಮೇಲೆ ಕೂತು ನನಗಾಗಿ ಕಾಯುತ್ತಿದ್ದಳು. ಏನಾಯಿತು, ಎತ್ತ ಎಂದು ಕೇಳಲಿಲ್ಲ. "ಉಂಡಾ?" ಅಂದಳು, ಚೀಲದ ಒಂದು ತುದಿ ನನ್ನ ಕೈಗೆ ಕೊಟ್ಟಳು.

ಮರುದಿನ ಇನ್ನೂ ಬೆಳಕು ಹರಿಯುವ ಮುಂಚೆ ಬಾಗಿಲು ತಟ್ಟಿದಳು.

"ಏಳು, ಸೊಪ್ಪಿಗೆ ಹೋಗ್ಬೇಕು."

"ನನಗ ಮನಸ್ಸೇ ಇಲ್ಲ ದೊಡ್ಡಮ್ಮ."

"ಮನ್ಸನ್ನ ಅಲ್ಲೇ ಮಲಗ್ಸು. ನೀನು ಎದ್ದು ಬಾ."

ಸಮಾಧಾನದ ಮಾತಿಗಾಗಿ ಕಾದಿದ್ದವಳಿಗೆ ಅಳು ಬಂತು. ಅಳುತ್ತಲೇ ಹೋದೆ. ಇಬ್ಬನಿ ಹಿಡಿದ ಹಿಪ್ಪುನೇರಳೆ ಸಾಲಿನಲ್ಲಿ ಸೀರೆ ಮೊಣಕಾಲವರೆಗೂ ನೆನೆಯಿತು. ಬಿಸಿಲೇರಿದರೆ ಸೊಪ್ಪು ಬಾಡುತ್ತದೆ, ಅದಕ್ಕೆ ಅಷ್ಟು ಹೊತ್ತಿಗೇ ಹೋಗಬೇಕು. ಕುಡುಗೋಲಿನಲ್ಲಿ ಕಡ್ಡಿ ಕೊಯ್ದು, ಹೊರೆ ಕಟ್ಟಿ, ಹೊತ್ತು ತಂದು ನೆರಳಲ್ಲಿ ಹರಡುವಷ್ಟರಲ್ಲಿ ಅಳು ಎಲ್ಲಿ ಬಿದ್ದು ಹೋಗಿತ್ತೋ.

ಹುಳುಮನೆಗೆ ಹಾಗೇ ನುಗ್ಗುವಂತಿರಲಿಲ್ಲ. ಬಾಗಿಲಲ್ಲಿ ಬ್ಲೀಚಿಂಗ್ ಪೌಡರ್ ಕಲಸಿದ ನೀರಿರುತ್ತಿತ್ತು. ಅದರಲ್ಲಿ ಕೈಕಾಲು ತೊಳೆದು, ಸುಣ್ಣದ ಪುಡಿಯ ಮೇಲೆ ಕಾಲಿಟ್ಟು ಒಳಗೆ ಹೋಗಬೇಕು. ಒಳಗೆ ಅಂತಸ್ತು ಅಂತಸ್ತಾಗಿ ಬಲೆ ಕಟ್ಟಿದ ಅಟ್ಟಣಿಗೆಗಳು, ಅದರ ಮೇಲೆ ಹುಳುಗಳು. ಸೊಪ್ಪು ಹಾಕಿದ ಕೂಡಲೇ ತಿನ್ನುವ ಸದ್ದು ಏಳುತ್ತಿತ್ತು. ಮಳೆ ಹನಿಯುವ ಹಾಗೆ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಮಾತ್ರ ನೂರಾರು ಕತ್ತರಿಗಳು ಒಟ್ಟಿಗೆ ಜೀನ್ಸ್ ಬಟ್ಟೆ ಕತ್ತರಿಸಿದ ಹಾಗೆ ಕೇಳುತ್ತಿತ್ತು.

ಊರಿನವರು ಪಂದ್ಯ ಕಟ್ಟಿದವರ ಹಾಗೆ ನೋಡುತ್ತಿದ್ದರು. ಅಂಗಡಿಯ ಹೆಂಗಸು ಸಕ್ಕರೆ ತೂಗುತ್ತಾ, "ಎಷ್ಟ್ ದಿನ ಇರ್ತೀಯವ್ವ?" ಅನ್ನುತ್ತಿದ್ದಳು. ದಾರಿಯಲ್ಲಿ ಸಿಕ್ಕವರು ತೆಲುಗಿನಲ್ಲೊಮ್ಮೆ ಕನ್ನಡದಲ್ಲೊಮ್ಮೆ ಅದನ್ನೇ ಕೇಳುತ್ತಿದ್ದರು. ಪೇಟೆಯ ಹುಡುಗಿ, ಹುಳ ಕಂಡರೆ ಹೆದರುವವಳು, ಹಬ್ಬಕ್ಕೆ ಮುಂಚೆ ಗಂಡ ಬಂದು ಕರೆದರೆ ಹೋಗುತ್ತಾಳೆ ಎಂಬುದು ಎಲ್ಲರ ಲೆಕ್ಕ. ಆ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಆ ಉರಿಯಲ್ಲೇ ಒಂದು ದಿನ ಹುಳುಮನೆಯ ಗೋಡೆಯಿಂದ ಗೋಡೆಗೆ ಗುಡಿಸಿ, ಸಾರಿಸಿ, ಒಬ್ಬಳೇ ನಾಲ್ಕಾಳಿನಷ್ಟು ಸೊಪ್ಪು ತಂದು, ಹುಳುಗಳ ಮೇಲೆ ಗುಡ್ಡೆ ಸುರಿದೆ. ಗಿರೀಶ ನೋಡಬೇಕಿತ್ತು ನನ್ನ ಜೋಶ್ ಎಂದುಕೊಂಡೆ.

ದೊಡ್ಡಮ್ಮ ಬಂದವಳೇ ಬೈದಳು. "ಜ್ವರಕ್ಕೆ ಕೂತವೆ, ಕಾಣಾಕಿಲ್ವಾ? ಬಾಯೇ ಬಿಚ್ಚಲ್ಲ ಅವು. ಯಾರಿಗೆ ಹಾಕ್ದೆ ಇಷ್ಟೊಂದ?" ಪೊರೆ ಕಳಚುವ ಮುಂಚೆ ಹುಳು ತಲೆಯೆತ್ತಿ ಅಲ್ಲಾಡದೆ ಕೂರುತ್ತದೆ, ಅದಕ್ಕೆ ಜ್ವರ ಅನ್ನುತ್ತಾರೆ. ಆಗ ಸೊಪ್ಪು ಹಾಕಬಾರದು, ಮುಟ್ಟಬಾರದು. ನಾನು ಹಾಕಿದ್ದನ್ನೆಲ್ಲ ಒಂದೊಂದೇ ಕಡ್ಡಿಯಾಗಿ ಎತ್ತಿ ತೆಗೆದೆವು. ಮರುದಿನ ನನಗೆ ಸೊಂಟ ಎತ್ತಲಾಗಲಿಲ್ಲ. ಅದರ ಮಾರನೆಯ ದಿನವೂ ಮಲಗಿದ್ದೆ.

ದೊಡ್ಡಮ್ಮ ಬಾಗಿಲಲ್ಲಿ ನಿಂತಳು. "ಮೊನ್ನೆ ಅಷ್ಟೊಂದು ಮಾಡ್ದೆ, ಇವತ್ತೇನು? ಮೊನ್ನೆದು ಇವತ್ತಿನ ಹೊಟ್ಟೆಗೆ ಆಗಲ್ಲ ಕಣೇ. ದಿನಾ ಒಂದೇ ಸಮ ಮಾಡು. ಜಾಸ್ತಿ ಬ್ಯಾಡ."

ಜಾಸ್ತಿ ಬೇಡ ಎಂದು ನನಗೆ ಯಾರಾದರೂ ಹೇಳಿದ್ದು ಅದೇ ಮೊದಲು. ಅಲ್ಲಿಯವರೆಗೆ ನಾನು ಕೇಳಿದ್ದೆಲ್ಲ ಇನ್ನೂ ಬೇಕು, ಇನ್ನೂ ದೊಡ್ಡದು ಬೇಕು ಎಂಬುದೇ. ಅಂದಿನಿಂದ ನಾನೊಂದು ಹಟ ಹಿಡಿದೆ. ಅದು ದೊಡ್ಡದನ್ನು ಮಾಡುವ ಹಟವಲ್ಲ. ಎದ್ದೇಳುವುದು, ಸೊಪ್ಪಿಗೆ ಹೋಗುವುದು, ಕೈಕಾಲು ತೊಳೆಯುವುದು, ಹಾಕುವುದು, ಹಿಕ್ಕೆ ತೆಗೆಯುವುದು. ಸಂತೋಷವಿದ್ದ ದಿನವೂ ಅಷ್ಟೇ, ಎದೆ ಒಡೆದ ದಿನವೂ ಅಷ್ಟೇ. ಬೆಳಿಗ್ಗೆ ಕಣ್ಣು ಬಿಟ್ಟಾಗ ಮನಸ್ಸು ಹೇಗಿದೆ ಎಂದು ಮುಟ್ಟಿ ನೋಡಿಕೊಳ್ಳುವ ಚಟವೊಂದಿತ್ತಲ್ಲ, ಅದನ್ನು ಬಿಟ್ಟೆ. ಕಾಲು ನೆಲಕ್ಕೆ ಹಾಕುವುದು ಮೊದಲು. ಮನಸ್ಸು ಬೇಕಾದರೆ ಹಿಂದಿನಿಂದ ಬರಲಿ, ಬಾರದಿದ್ದರೆ ಇರಲಿ.

ದೊಡ್ಡಮ್ಮನನ್ನು ನಾನು ದೇವರು ಮಾಡುತ್ತಿಲ್ಲ. ಸಿಡುಕಿನ ಹೆಂಗಸು. ಮೊಣಕಾಲು ನೋವೆಂದು ದಿನಕ್ಕೊಮ್ಮೆ ಊರಿಗೆಲ್ಲ ಕೇಳುವಂತೆ ನರಳುತ್ತಿದ್ದಳು. ಟೀವಿಯ ಧಾರಾವಾಹಿ ಬರುವ ಹೊತ್ತಿಗೆ ಮಾತಾಡಿಸಿದರೆ ಪಾತ್ರೆ ಎಸೆಯುತ್ತಿದ್ದಳು. ದೊಡ್ಡಪ್ಪ ಕುರಿ ಹೊಡೆದುಕೊಂಡು ಬೆಳಿಗ್ಗೆ ಗುಡ್ಡಕ್ಕೆ ಹೋದರೆ ಕತ್ತಲಿಗೇ ಬರುತ್ತಿದ್ದುದಕ್ಕೆ ಅವಳ ಬಾಯಿಯೂ ಒಂದು ಕಾರಣವಿರಬೇಕು. ಆದರೆ ಸೊಪ್ಪು ಹಾಕುವ ಹೊತ್ತು ಅವಳಿಂದ ಒಂದು ದಿನವೂ ಹೆಚ್ಚುಕಮ್ಮಿ ಆಗಲಿಲ್ಲ.

ಕಾರ್ತಿಕದಲ್ಲಿ ಮೋಡ ಕವಿದು ವಾರವಿಡೀ ಬಿಸಿಲೇ ಬರಲಿಲ್ಲ. ಗೋಡೆಗಳು ಬೆವರಿದವು. ಹುಳುಗಳು ಕೊನೆಯ ಜ್ವರ ಬಿಟ್ಟು ಎದ್ದು ಬೆರಳುದ್ದ ಆಗಿದ್ದವು. ಇನ್ನು ಕೆಲವೇ ದಿನಕ್ಕೆ ಗೂಡು ಕಟ್ಟಬೇಕು. ಒಂದು ಬೆಳಿಗ್ಗೆ ಮೂಲೆಯ ಅಟ್ಟಣಿಗೆಯಲ್ಲಿ ಒಂದು ಹುಳು ಸುಣ್ಣದ ಕಡ್ಡಿಯ ಹಾಗೆ ಬೆಳ್ಳಗೆ, ಸೆಟೆದು ಬಿದ್ದಿತ್ತು. ಎತ್ತಿ ದೊಡ್ಡಮ್ಮನಿಗೆ ತೋರಿಸಿದೆ. ಅವಳ ಮುಖ ಇಳಿಯಿತು.

"ಸುಣ್ಣಕಟ್ಟು" ಅಂದಳು. ಆ ರೋಗದ ಹೆಸರು ಅಷ್ಟೇ. ನೋಡನೋಡುತ್ತಿದ್ದಂತೆ ಅದು ಮನೆಯೆಲ್ಲ ಹಬ್ಬಿತು. ಕತ್ತರಿಯ ಸದ್ದು ದಿನದಿಂದ ದಿನಕ್ಕೆ ಅಡಗುತ್ತಾ ಬಂದು, ಕೊನೆಗೆ ಒಂದು ಸಂಜೆ ಸೊಪ್ಪು ಹಾಕಿದರೂ ಸದ್ದೇ ಇಲ್ಲ. ಹೊಲದ ಅಂಚಿನಲ್ಲಿ ಗುಂಡಿ ತೋಡಿ, ಬುಟ್ಟಿ ಬುಟ್ಟಿ ಹೊತ್ತು ಹಾಕಿ, ಮೇಲೆ ಸುಣ್ಣ ಚೆಲ್ಲಿ ಮುಚ್ಚಿದೆವು. ಒಣಗಿದ ಹುಳುಗಳು ಬುಟ್ಟಿಯಲ್ಲಿ ಗಲಗಲ ಅನ್ನುತ್ತಿದ್ದವು. ಆ ಸದ್ದು ನನಗೆ ಇಂದಿಗೂ ಆಗುವುದಿಲ್ಲ.

ಅಂದು ನನ್ನೊಳಗೆ ಏನೂ ಉಳಿದಿರಲಿಲ್ಲ. ಊರಿಗೆ ಬಂದ ಹೊಸತರಲ್ಲಿ ಸಿಟ್ಟಾದರೂ ಇತ್ತು. ಗಿರೀಶನ ಮೇಲಿನ ಸಿಟ್ಟು, ಅಂಗಡಿಯವಳ ಮೇಲಿನ ಸಿಟ್ಟು ನನ್ನನ್ನು ಎಬ್ಬಿಸುತ್ತಿದ್ದವು. ಈಗ ಅದೂ ಆರಿ ಹೋಗಿತ್ತು. ಅಂಗಡಿಯ ಹೆಂಗಸು ಬೀದಿಯಲ್ಲಿ ನಿಲ್ಲಿಸಿ, "ಇನ್ನೇನಿದ್ದೀತವ್ವ ಇಲ್ಲಿ, ಹೋಗಿಬಿಡು ಮನೆಗೆ" ಅಂದಾಗ ನನಗೆ ಉರಿಯಲೂ ಇಲ್ಲ. ಹೌದು, ಹೋಗಿಬಿಡಬಹುದು ಅನ್ನಿಸಿತು.

ಆದರೆ ಮರುದಿನ ಬೆಳಿಗ್ಗೆ ಎಚ್ಚರವಾದಾಗ ನಾನು ಆಗಲೇ ಅಂಗಳದಲ್ಲಿದ್ದೆ. ಹೇಗೆ ಎದ್ದೆ, ಯಾವಾಗ ಸೆರಗು ಕಟ್ಟಿದೆ, ಗೊತ್ತಿಲ್ಲ. ಸೊಪ್ಪು ತಂದು ಹಾಕಲು ಹುಳುಗಳೇ ಇರಲಿಲ್ಲ. ಕುಡುಗೋಲು ಕೈಯಲ್ಲಿ ಹಿಡಿದು ಹುಚ್ಚಿಯ ಹಾಗೆ ನಿಂತಿದ್ದೆ. ನಿಂತು ಏನು ಮಾಡುವುದು ಎಂದು ಬ್ಲೀಚಿಂಗ್ ಪೌಡರ್ ಕಲಸಿ ಅಟ್ಟಣಿಗೆಯ ಬಲೆಗಳನ್ನು ತೊಳೆಯತೊಡಗಿದೆ. ದೊಡ್ಡಮ್ಮ ಕುಂಟುತ್ತಾ ಬಂದು ಇನ್ನೊಂದು ತುದಿ ಹಿಡಿದಳು. ಮೂರ್ನಾಲ್ಕು ದಿನ ತೊಳೆದೆವು, ಒಣಗಿಸಿದೆವು, ಗೋಡೆಗೆ ಸುಣ್ಣ ಬಳಿದೆವು. ಕಣ್ಣು ಕೆಂಪಗಾಗಿ ಅಂಗೈ ಬಿರಿದು ಹೋಯಿತು. ಆಗ ಯಾರಾದರೂ ನನಗೆ ಛಲಗಾತಿ ಎಂದಿದ್ದರೆ ನಗು ಬರುತ್ತಿತ್ತು. ಛಲ ಗಿಲ ಏನೂ ಇರಲಿಲ್ಲ. ಎದ್ದು ರೂಢಿಯಾಗಿತ್ತು, ಎದ್ದಿದ್ದೆ. ಆಮೇಲೆ ಯೋಚಿಸಿದಾಗ ಅನ್ನಿಸಿತು: ಸಿಂಹ ಏಳುವುದು ಎಂದರೆ ಇದೇ ಇರಬೇಕು, ಸಿಂಹವೇ ಇಲ್ಲದೆ!

ಮುಂದಿನ ಬೆಳೆಗೆ ಚಳಿಗಾಲ. ಹುಳುಮನೆಗೆ ಕೆಂಡದ ಬೋಗುಣಿ ಇಟ್ಟು ಬೆಚ್ಚಗೆ ಮಾಡಿದೆವು. ಈ ಸಲ ಹುಳುಗಳು ಚೆನ್ನಾಗಿ ಬಂದವು. ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಒಳಗೆ ಹೋದರೆ ಅವುಗಳ ಮೈ ಬಿಳುಪು ಹೋಗಿ ಹಳದಿಯಾಗಿ, ಬೆಳಕಿಗೆ ಹಿಡಿದರೆ ಒಳಗೆಲ್ಲ ಕಾಣುವಂತಾಗಿತ್ತು. ತಿನ್ನುವುದು ನಿಲ್ಲಿಸಿ ತಲೆಯೆತ್ತಿ ಗಾಳಿಯಲ್ಲಿ ಏನನ್ನೋ ಹುಡುಕುತ್ತಿದ್ದವು. ಹಣ್ಣಾಗುವುದು ಎಂದರೆ ಇದೇ. ಹಣ್ಣಾದ ಹುಳುಗಳನ್ನು ಒಂದೊಂದಾಗಿ ಆರಿಸಿ ಚಂದ್ರಿಕೆಗೆ ಬಿಡಬೇಕು. ಬಿದಿರಿನ ಚಾಪೆಯ ಮೇಲೆ ಸುರುಳಿ ಸುರುಳಿಯಾಗಿ ಪಟ್ಟಿ ಕಟ್ಟಿರುತ್ತದಲ್ಲ, ಅದು ಚಂದ್ರಿಕೆ. ಅಲ್ಲಿ ಅವು ಗೂಡು ಕಟ್ಟುತ್ತವೆ. ತಡ ಮಾಡಿದರೆ ಸೊಪ್ಪಿನ ಕಸದಲ್ಲೇ ಸುತ್ತಿಕೊಂಡು ಗೂಡು ಹಾಳು. ಆ ದಿನವೇ ಊರಿನ ಆಳುಗಳೆಲ್ಲ ಹುಣಸೆಹಣ್ಣು ಬಡಿಯಲು ಹೋಗಿಬಿಟ್ಟಿದ್ದರು. ನಾನು, ದೊಡ್ಡಮ್ಮ ಇಬ್ಬರೇ.

ಅಷ್ಟರಲ್ಲಿ ಅಂಗಳಕ್ಕೆ ಒಂದು ಕಾರು ಬಂತು.

ಗಿರೀಶ, ಅವನ ತಾಯಿ ಶಂಕ್ರಮ್ಮ, ಅವರ ಮನೆತನದ ಹಿರಿಯರು ಬಸಣ್ಣ, ಎಲ್ಲರ ಹಿಂದೆ ಸೆರಗು ಕಚ್ಚಿಕೊಂಡು ನನ್ನ ಅವ್ವ. ಬಸಣ್ಣ ಹುಳುಮನೆಯ ಬಾಗಿಲಿಗೆ ಬಂದು, "ಬಾರವ್ವ, ಕುಂತು ಮಾತಾಡೋಣ. ನಾಗಮ್ಮೋರು ಫೋನ್ ಮಾಡಿದ್ರು, ಬಂದು ಕರಕೊಂಡು ಹೋಗ್ರಿ ಅಂತ" ಅಂದರು.

ನಾನು ದೊಡ್ಡಮ್ಮನ ಕಡೆ ನೋಡಿದೆ. ಅವಳು ಹುಳು ಆರಿಸುತ್ತಲೇ ಇದ್ದಳು, ತಲೆಯೆತ್ತಲಿಲ್ಲ.

"ನಾನು ಇವತ್ತಿದ್ದು ನಾಳೆ ಹೋಗೋಳು. ಆಮ್ಯಾಕೆ ನಿನಗ್ಯಾರವ್ರೆ?" ಅಂದಳು ಮೆಲ್ಲಗೆ. "ಅವ್ರಾಗಿ ಬಂದವ್ರೆ. ಮರ್ವಾದೆಯಾಗಿ ಹೋಗು ತಾಯಿ."

ನನ್ನನ್ನು ಎಬ್ಬಿಸಿದವಳೇ ಕಳಿಸಲು ನಿಂತಿದ್ದಳು. ಕೈ ಮಾತ್ರ ನಿಲ್ಲಲಿಲ್ಲ. ಅಂಗೈ ತುಂಬಾ ಹುಳುಗಳಿದ್ದವು, ಅವುಗಳನ್ನು ಚಂದ್ರಿಕೆಗೆ ಬಿಟ್ಟೆ.

"ಹೊತ್ತು ಮೀರಿದ್ರ ಬೆಳಿ ಹೋಗ್ತೈತ್ರಿ" ಅಂದೆ ಬಸಣ್ಣನವರಿಗೆ. "ಮಾತಾಡೋದಿದ್ರ ಒಳಗ ಬರ್ರಿ. ಕೈಕಾಲು ಆ ನೀರಾಗ ತೊಳಕೊಂಡು ಬರ್ರಿ. ಬಂದೋರು ಕೈ ಹಾಕ್ರಿ, ಆಳಿಲ್ಲ."

ಬಸಣ್ಣ ಇಂಥ ಸ್ವಾಗತ ಜನ್ಮದಲ್ಲಿ ಕಂಡಿರಲಿಲ್ಲ. ರಾಯದುರ್ಗದಲ್ಲಿ ಅವರು ಎದ್ದು ನಿಂತರೆ ಕೂತವರೆಲ್ಲ ಏಳುತ್ತಾರೆ. ಆದರೂ ಪಂಚೆ ಎತ್ತಿ ಕಟ್ಟಿ, ಬ್ಲೀಚಿಂಗ್ ನೀರಿನಲ್ಲಿ ಕಾಲಿಟ್ಟರು.

ಗಿರೀಶ ಒಳಗೆ ಬಂದವನೇ ಬೆರಗಾದ. ಅಟ್ಟಣಿಗೆಯಿಂದ ಅಟ್ಟಣಿಗೆಗೆ ಓಡಾಡಿ ಫೋನಿನಲ್ಲಿ ವಿಡಿಯೋ ತೆಗೆದ. "ಸುಮಿತ್ರಾ, ಇದು ಬಂಗಾರ ಐತಿ! ನಾವೂ ಮಾಡೋಣ. ಇದರ ಹತ್ತರಷ್ಟು ದೊಡ್ಡದು ಮಾಡೋಣ. ಹೆಸರು ಸೈತ ಹೊಳೀತು ನೋಡು" ಅಂದ. ಅವನ ಕಣ್ಣುಗಳು ನಿಜಕ್ಕೂ ಹೊಳೆಯುತ್ತಿದ್ದವು. ಮೊದಲಿನ ನಾನಾಗಿದ್ದರೆ ಆ ಹೊಳಪಿನ ಹಿಂದೆ ಕಾರು ಹತ್ತಿಬಿಡುತ್ತಿದ್ದೆ.

"ಸರಿ, ಹಿಡಿ" ಎಂದು ಒಂದು ಬುಟ್ಟಿ ಕೊಟ್ಟೆ. "ಹಳದಿ ಆಗಿದ್ದನ್ನ ಅಷ್ಟ ಆರಿಸು. ಹಿಸುಕಬ್ಯಾಡ."

ಸೆಟೆದು ನಿಂತು ಕೆಲಸಕ್ಕೆ ಹತ್ತಿದ. ಹಾಡು ಹೇಳಿದ, ದೊಡ್ಡಮ್ಮನನ್ನು ನಗಿಸಿದ, ನಮಗಿಂತ ಬೇಗ ಒಂದು ಚಂದ್ರಿಕೆ ತುಂಬಿಸಿದ. ಅವ್ವ ನನ್ನ ಮೊಣಕೈ ತಿವಿದು, "ನೋಡು, ಎಷ್ಟು ಬದಲಾಗ್ಯಾನ. ಯಾಕ ಹಿಂಗ ಹಟ ಮಾಡ್ತಿ? ನಡಿ ಮನಿಗೆ" ಅಂದಳು.

ಎರಡನೆಯ ಚಂದ್ರಿಕೆ ಅರ್ಧವಾದಾಗ ಗಿರೀಶನಿಗೆ ಫೋನು ಬಂತು. "ಸಿಗ್ನಲ್ ಇಲ್ಲ, ಈಗ ಬಂದೆ" ಎಂದು ಹೊರಗೆ ಹೋದ.

ಶಂಕ್ರಮ್ಮ ಅತ್ತೆ ಅಲ್ಲಿಯವರೆಗೂ ಗೋಡೆಗೊರಗಿ ನಿಂತಿದ್ದರು. ನನ್ನನ್ನು ಕಂಡರೆ ಅವರಿಗೆ ಎಂದೂ ಅಷ್ಟಕ್ಕಷ್ಟೇ. ಈಗ ಹತ್ತಿರ ಬಂದು, "ಕಚ್ತಾವೇನು ಇವು?" ಅಂದರು.

"ಇಲ್ಲತ್ತಿ."

ಬೆರಳ ತುದಿಯಲ್ಲಿ ಒಂದನ್ನು ಎತ್ತಿಕೊಂಡು ನೋಡಿದರು. ಆಮೇಲೆ ಕೂತರು. ಕೂತವರು ಏಳಲಿಲ್ಲ. ಬೊಮ್ಮನಹಾಳದ ಕಡೆ ಮೆಣಸಿನಕಾಯಿ ಬಿಡಿಸುತ್ತಾ ವಯಸ್ಸು ಕಳೆದ ಬೆರಳುಗಳು ಅವು. ಮಾತಿಲ್ಲ, ಹಾಡಿಲ್ಲ. ಒಂದೊಂದೇ ಹುಳು ಬುಟ್ಟಿಗೆ, ಬುಟ್ಟಿಯಿಂದ ಚಂದ್ರಿಕೆಗೆ. ಊಟಕ್ಕೆ ಕರೆದಾಗ, "ಇದೊಂದು ಮುಗೀಲಿ" ಅಂದರು. ಅದು ಮುಗಿದಾಗ ಇನ್ನೊಂದನ್ನು ಎಳೆದುಕೊಂಡರು. ಅವರ ಜೊತೆ ಬಾಳಿದ ಅಷ್ಟೂ ವರ್ಷ ನಾವಿಬ್ಬರೂ ಪಕ್ಕಪಕ್ಕ ಕೂತು ಒಂದು ಕೆಲಸ ಮಾಡಿರಲಿಲ್ಲ ಎಂದು ನನಗೆ ಆಗ ಹೊಳೆಯಿತು. ಅವರಿಗೂ ಹೊಳೆದಿರಬೇಕು. ಒಂದು ಸಲ ನನ್ನ ಬಿರಿದ ಅಂಗೈಯನ್ನು ತಿರುಗಿಸಿ ನೋಡಿ, ಬಿಟ್ಟರು.

ಹೊತ್ತು ಇಳಿಯುವಾಗ ಕೊನೆಯ ಚಂದ್ರಿಕೆಯನ್ನು ಗೋಡೆಗೆ ಓರೆಯಾಗಿ ನಿಲ್ಲಿಸಿದೆವು. ಎಲ್ಲರೂ ಅಂಗಳಕ್ಕೆ ಬಂದೆವು. ಕಾರಿನ ಸೀಟು ಹಿಂದಕ್ಕೆ ಬಾಗಿಸಿಕೊಂಡು ಗಿರೀಶ ಮಲಗಿದ್ದ. ಬಾಯಿ ತುಸು ತೆರೆದಿತ್ತು. ಎದೆಯ ಮೇಲಿನ ಫೋನಿನಲ್ಲಿ ರೇಷ್ಮೆ ಸಾಕುವ ಬಗ್ಗೆ ಯಾರೋ ಮಾತಾಡುತ್ತಲೇ ಇದ್ದರು.

ಯಾರೂ ನಗಲಿಲ್ಲ. ಬಸಣ್ಣ ಕಟ್ಟೆಯ ಮೇಲೆ ಕೂತು ಗಂಟಲು ಸರಿ ಮಾಡಿಕೊಂಡರು. "ಹೇಳವ್ವ, ಏನಂತಿ?"

"ನಾ ಬರಲ್ಲರಿ."

"ಸಿಟ್ಟಿನಾಗ ಹೇಳಬ್ಯಾಡ. ವಿಚಾರ ಮಾಡು."

"ಸಿಟ್ಟಿಲ್ರಿ. ಅದು ಇಳದು ಭಾಳ ದಿನ ಆತು. ಸಿಟ್ಟಿದ್ದಾಗ ಕರದಿದ್ರ ನಾ ಬಂದರೂ ಬರ್ತಿದ್ನೇನೋ, ಯಾಕಂದ್ರ ಸಿಟ್ಟು ಇಳೀತೈತಿ. ಈಗ ಇಳಿಯೋಕ ಏನೂ ಇಲ್ಲ. ನಾಳೆ ಕೇಳಿದ್ರೂ ಇದ ಹೇಳ್ತೀನಿ. ಮುಂದಿನ ವರ್ಷ ಬಂದು ಕೇಳಿದ್ರೂ ಇದ."

ಅವ್ವ ಅಳತೊಡಗಿದಳು. ದೊಡ್ಡಮ್ಮ, "ಹಿರೀರ ಮುಂದೆ ಹಂಗನ್ಬಾರ್ದು ಕಣೇ" ಎಂದು ಗದರಿದಳು. ಕುರಿ ಹೊಡೆದುಕೊಂಡು ಅದೇ ಆಗ ಬಂದ ದೊಡ್ಡಪ್ಪ ಕೋಲೂರಿ ನಿಂತು, "ಅವ್ಳು ಹೇಳಾಯ್ತಲ್ಲ" ಎಂದಷ್ಟೇ ಹೇಳಿ ಕುರಿಗಳನ್ನು ಒಳಗೆ ಕೂಡಲು ಹೋದ.

ಬಸಣ್ಣ ಮತ್ತೇನೋ ಹೇಳಲು ಬಾಯಿ ತೆರೆದರು. ಶಂಕ್ರಮ್ಮ ಅತ್ತೆ ಎದ್ದು ಕೈಯ ಧೂಳು ಕೊಡವಿದರು.

"ಸಾಕು ಬಸಣ್ಣ, ನಡಿ. ಈಕಿ ಬರಂಗಿಲ್ಲ. ಬರೋದೂ ಬ್ಯಾಡ."

"ಏನಂತೀರಿ ಶಂಕ್ರಮ್ಮ, ಮಗನ ಸಂಸಾರ..."

"ಮಗ ನನ್ನವನು. ಅವನ ಹಿಂದ ಓಡಾಡಿ ಮುಚ್ಚಿದ ಅಂಗಡಿ ಗುಡಿಸಿದ್ದು ನಾನು. ನನಗ ಗೊತ್ತೈತಿ." ನನ್ನ ಕಡೆ ತಿರುಗಿದರು. "ನಿನ್ನ ವಯಸ್ಸಿನಾಗ ನನಗೂ ಇಂಥಾದ್ದೊಂದು ಜಾಗ ಇದ್ದಿದ್ರ..." ಅಂದವರು ಅಲ್ಲಿಗೇ ಮಾತು ನಿಲ್ಲಿಸಿ, ಕಾರಿನ ಬಾಗಿಲು ತೆಗೆದು ಮಗನ ಭುಜ ತಟ್ಟಿದರು. ಅವನು ಎದ್ದು ಕಣ್ಣುಜ್ಜುತ್ತಾ, "ಆತೇನು ಎಲ್ಲಾ?" ಎಂದು ಕೇಳಿದ.

ಹಿರಿಯರ ಎದುರಿಗೇ ನಾವು ಬೇರೆಯಾದೆವು, ಕೋರ್ಟಿನದೂ ತಡವಾಗಿ ಮುಗಿಯಿತು. ಗಿರೀಶ ಈಗಲೂ ರಾಯದುರ್ಗದಲ್ಲೇ ಇದ್ದಾನೆ. ಎದುರಾದರೆ ನಗುತ್ತಾನೆ, ನಾನೂ ನಗುತ್ತೇನೆ. ಮುಂದಿನ ಶ್ರಾವಣದವರೆಗೆ ದೊಡ್ಡಮ್ಮನ ಹತ್ತಿರವಿದ್ದು, ಆಮೇಲೆ ನನ್ನ ಕಡೆಗೇ ಬಂದು ನೇಮಕಲ್ಲಿನಲ್ಲಿ ಹೊಲ ಹಿಡಿದೆ. ಗಂಡನನ್ನು ಬಿಟ್ಟವಳು ಕಣ್ಮರೆಯಾಗಿ ಎಲ್ಲೋ ಇರಬೇಕು, ಗಂಡನ ಊರಿನ ಮಗ್ಗುಲಲ್ಲೇ ಬಂದು ಕೂರುವುದೇ ಎಂದವರಿದ್ದರು. ಅವರ ಎದುರಿಗೇ ಸೊಪ್ಪಿನ ಹೊರೆ ಹೊತ್ತು ದಿನಾ ಓಡಾಡಿದೆ. ನೋಡಿ ನೋಡಿ ಅವರಿಗೇ ಬೇಸರವಾಯಿತು. ಈಚೆಗೆ ಮಹಿಳಾ ಸಂಘದವರು ವೇದಿಕೆಯ ಮೇಲೆ ಕೂರಿಸಿ, ನಿಮ್ಮ ಸ್ಫೂರ್ತಿ ಯಾರು ಎಂದು ಕೇಳಿದರು. ಯಾರೂ ಇಲ್ಲ ಅಂದೆ. ವಿನಯಕ್ಕೆ ಹಾಗೆ ಹೇಳಿದಳೆಂದು ಚಪ್ಪಾಳೆ ತಟ್ಟಿದರು. ವಿನಯವಲ್ಲ, ನಿಜ. ಸ್ಫೂರ್ತಿ ಬಂದಾಗ ಎದ್ದಿದ್ದರೆ ನಾನು ವರ್ಷಕ್ಕೆ ಎಷ್ಟು ಸಲ ಏಳುತ್ತಿದ್ದೆನೋ.

ಆದರೆ ಆ ವರ್ಷವೆಂದರೆ ನನ್ನ ಕಣ್ಣ ಮುಂದೆ ಬರುವುದು ಕಾರು ಹೋದ ಮರುದಿನದ ಬೆಳಗು. ಗೆದ್ದ ಖುಷಿ ಏನೂ ಇರಲಿಲ್ಲ. ಅವ್ವ ಕಾರಿನ ಕಿಟಕಿಯಿಂದ ತಿರುಗಿ ನೋಡಿದ ಮುಖವೇ ಕಣ್ಣಲ್ಲಿತ್ತು. ಇನ್ನು ಬದುಕಿಡೀ ಒಬ್ಬಳೇ ಎಂಬ ಭಯವೂ ಇತ್ತು. ಅಂದು ಮಾಡುವ ಕೆಲಸವೂ ಇರಲಿಲ್ಲ. ಹುಳುಗಳೆಲ್ಲ ಚಂದ್ರಿಕೆಯಲ್ಲಿ ತಮ್ಮ ಪಾಡಿಗೆ ನೂಲು ಸುತ್ತಿಕೊಳ್ಳುತ್ತಿದ್ದವು, ಅವಕ್ಕೆ ಸೊಪ್ಪು ಬೇಡ. ಎದ್ದೆ. ಕೊಯ್ದ ಹಿಪ್ಪುನೇರಳೆಯ ಮೋಟುಗಳನ್ನು ಸವರಬೇಕಿತ್ತು. ಇ‌ನ್ನೂ ನಾಲ್ಕು ದಿನ ಬಿಟ್ಟು ಮಾಡಿದರೂ ನಡೆಯುತ್ತಿತ್ತು.

ಕುಡುಗೋಲು ತೆಗೆದುಕೊಳ್ಳುವ ಸದ್ದಿಗೆ ದೊಡ್ಡಮ್ಮ ಕಂಬಳಿಯೊಳಗಿಂದ ತಲೆ ಹೊರಗೆ ಹಾಕಿದಳು. ಅವಳಿಗೂ ರಾತ್ರಿ ನಿದ್ದೆ ಬಂದಿರಲಿಲ್ಲವೆಂದು ಮುಖವೇ ಹೇಳುತ್ತಿತ್ತು.

"ಇವತ್ತೇನೂ ಕೆಲ್ಸ ಇಲ್ವಲ್ಲೇ, ಮಲಿಕ್ಕಳ್ಳೇ" ಅಂದಳು.

"ನೀನು ಮಲಿಕ್ಕೋ ದೊಡ್ಡಮ್ಮ" ಅಂದೆ, ಅವಳದೇ ಮಾತಿನ ಧಾಟಿಯಲ್ಲಿ. ಬಾಗಿಲು ತೆಗೆದು ಹೊಲಕ್ಕೆ ಇಳಿದೆ.